ಆಮೆಯನ್ನು ಫ್ರಿಜ್‌ನಲ್ಲಿ ಮಲಗಿಸುತ್ತಾರಂತೆ, ನಿಜವೇ?

ಮಕ್ಕಳೇ, ಒಮ್ಮೆ ಒಂದು ಶಾಲೆಯ ವಿಜ್ಞಾನ ಸಂಘದ ಕಾರ್ಯಕ್ರಮಕ್ಕೆ ಹೋಗಿದ್ದೆ. ಸರೀಸೃಪಗಳ ವಿಷಯ ಹೇಳಿ ಮುಗಿಸಿದ ಮೇಲೆ ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಅಮೆರಿಕದಲ್ಲಿ ಚಳಿಗಾಲ ಬಂದರೆ ಸಾಕಿದ ಆಮೆಯನ್ನು ಫ್ರಿಜ್‌ನಲ್ಲಿ ಇಡುತ್ತಾರಂತೆ. ಅದು ಸತ್ತುಹೋಗುವುದಿಲ್ಲವೇ?” ಎಂದು ಕೇಳಿದಳು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು.

ನಗುವ ಪ್ರಶ್ನೆ ಅದಲ್ಲ. ಅವಳು ಕೇಳಿದ್ದು ನಿಜ. ಕೆಲವರು ಹಾಗೆ ಇಡುತ್ತಾರೆ. ಸರಿಯಾಗಿ ಇಟ್ಟರೆ ಆಮೆ ಮೂರು ತಿಂಗಳು ಏನೂ ತಿನ್ನದೆ ಬದುಕಿ, ವಸಂತದಲ್ಲಿ ಎದ್ದು ನಡೆಯುತ್ತದೆ. ತಪ್ಪಾಗಿ ಇಟ್ಟರೆ ಸದ್ದಿಲ್ಲದೆ ಸಾಯುತ್ತದೆ. ನಾಯಿಗೆ ನೋವಾದರೆ ಕುಂಯ್‌ಗುಟ್ಟುತ್ತದೆ, ಹಸುವಿಗೆ ಹಸಿವಾದರೆ ಅಂಬಾ ಎನ್ನುತ್ತದೆ. ಮಲಗಿದ ಆಮೆ ಏನನ್ನೂ ಹೇಳುವುದಿಲ್ಲ. ಹಾಗಾದರೆ ಅದು ಕ್ಷೇಮವಾಗಿದೆ ಎಂದು ತಿಳಿಯುವುದು ಹೇಗೆ? ಬನ್ನಿ, ನೋಡೋಣ.

ಪೆಟ್ಟಿಗೆಯಂತೆ ಮುಚ್ಚಿಕೊಳ್ಳುವ ಆಮೆ

ಉತ್ತರ ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿ ಒಂದು ಚಿಕ್ಕ ಆಮೆ ಇದೆ. ಅದರ ಹೆಸರು ಬಾಕ್ಸ್ ಟರ್ಟಲ್. ನಾವು ಪೆಟ್ಟಿಗೆ ಆಮೆ ಎನ್ನೋಣ. ವೈಜ್ಞಾನಿಕ ಹೆಸರು ಟೆರಪೀನ್ ಕೆರೊಲೈನಾ. ಬೆಳೆದ ಆಮೆಯ ಚಿಪ್ಪು ಸುಮಾರು 11ರಿಂದ 15 ಸೆಂಟಿಮೀಟರ್ ಉದ್ದ. ಅಂದರೆ ನಿಮ್ಮ ಎರಡು ಅಂಗೈಗಳಲ್ಲಿ ಹಿಡಿಸುವಷ್ಟು.

ಬಹಳಷ್ಟು ಆಮೆಗಳು ಅಪಾಯ ಬಂದರೆ ತಲೆ, ಕಾಲುಗಳನ್ನು ಒಳಗೆ ಎಳೆದುಕೊಳ್ಳುತ್ತವೆ. ಆದರೆ ಚಿಪ್ಪಿನ ಮುಂದೆ, ಹಿಂದೆ ತೆರೆದ ಜಾಗ ಉಳಿಯುತ್ತದೆ. ಪೆಟ್ಟಿಗೆ ಆಮೆಯ ಹೊಟ್ಟೆಯ ಕಡೆಯ ಚಿಪ್ಪಿನಲ್ಲಿ ಅಡ್ಡಲಾಗಿ ಒಂದು ಕೀಲು ಇದೆ. ಬಾಗಿಲಿಗೆ ಕೀಲು ಇರುವುದಿಲ್ಲವೇ, ಹಾಗೆಯೇ. ಅದರಿಂದ ಚಿಪ್ಪಿನ ಮುಂಭಾಗ, ಹಿಂಭಾಗ ಎರಡನ್ನೂ ಮೇಲೆತ್ತಿ ಮುಚ್ಚಿಕೊಂಡು ಬಿಡುತ್ತದೆ. ಪೆಟ್ಟಿಗೆ ಎಂಬ ಹೆಸರು ಬಂದದ್ದು ಇದರಿಂದಲೇ.

ಈ ಆಮೆ ಎರೆಹುಳು, ಬಸವನಹುಳು, ಅಣಬೆ, ಉದುರಿದ ಹಣ್ಣು ಎಲ್ಲವನ್ನೂ ತಿನ್ನುತ್ತದೆ. 30, 40 ವರ್ಷ ಬದುಕುವುದು ಸಾಮಾನ್ಯ. ಇನ್ನೂ ಹೆಚ್ಚು ಕಾಲ ಬದುಕಿದ ಆಮೆಗಳೂ ಇವೆ. ಆದರೆ ಮೊಟ್ಟೆ ಇಡುವ ವಯಸ್ಸಿಗೆ ಬರಲು ಹಲವು ವರ್ಷ ಬೇಕು. ಒಂದು ಸಲಕ್ಕೆ ಇಡುವ ಮೊಟ್ಟೆಗಳು ನಾಲ್ಕೈದು ಮಾತ್ರ. ಅವುಗಳಲ್ಲೂ ಅನೇಕವು ಇತರ ಪ್ರಾಣಿಗಳ ಪಾಲಾಗುತ್ತವೆ. ಆದ್ದರಿಂದ ಬೆಳೆದ ಒಂದು ಆಮೆ ಸತ್ತರೂ ಅದು ಸಣ್ಣ ನಷ್ಟವಲ್ಲ.

ಹೊರಗಿನ ಬಿಸಿಯೇ ಒಳಗಿನ ಬಿಸಿ

ನಮ್ಮ ದೇಹದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಮಳೆಗಾಲವಿರಲಿ, ಬೇಸಿಗೆಯಿರಲಿ, ಅದು ಹೆಚ್ಚು ಬದಲಾಗುವುದಿಲ್ಲ. ತಿಂದ ಆಹಾರದ ಒಂದು ಭಾಗವನ್ನು ದೇಹ ಈ ಬಿಸಿಗಾಗಿಯೇ ಖರ್ಚು ಮಾಡುತ್ತದೆ. ಆಮೆ ಹಾಗಲ್ಲ. ಅದು ಶೀತರಕ್ತ ಪ್ರಾಣಿ. ಇದರ ಅರ್ಥ ಅದರ ರಕ್ತ ಯಾವಾಗಲೂ ತಣ್ಣಗಿರುತ್ತದೆ ಎಂದಲ್ಲ. ಸುತ್ತಲಿನ ಗಾಳಿ, ನೆಲ ಬಿಸಿಯಾದರೆ ಆಮೆಯೂ ಬಿಸಿಯಾಗುತ್ತದೆ, ಅವು ತಣ್ಣಗಾದರೆ ಆಮೆಯೂ ತಣ್ಣಗಾಗುತ್ತದೆ.

ದೇಹ ತಣ್ಣಗಾದಂತೆ ಅದರೊಳಗಿನ ಎಲ್ಲ ಕೆಲಸಗಳೂ ನಿಧಾನವಾಗುತ್ತವೆ. ಹೃದಯದ ಬಡಿತ, ಉಸಿರಾಟ, ಜೀರ್ಣಕ್ರಿಯೆ, ಎಲ್ಲವೂ. ಇಂಥ ಪ್ರಾಣಿಗಳಲ್ಲಿ ಉಷ್ಣತೆ 10 ಡಿಗ್ರಿ ಇಳಿದರೆ ದೇಹದ ಕೆಲಸದ ವೇಗ ಸುಮಾರಾಗಿ ಅರ್ಧಕ್ಕೋ ಮೂರನೆಯ ಒಂದು ಭಾಗಕ್ಕೋ ಇಳಿಯುತ್ತದೆ. ಒಂದು ಲೆಕ್ಕ ಮಾಡಿ ನೋಡಿ. 25 ಡಿಗ್ರಿಯಲ್ಲಿದ್ದ ಆಮೆ 5 ಡಿಗ್ರಿಗೆ ಇಳಿಯಿತು. ಅಂದರೆ ಎರಡು ಸಲ ಹತ್ತು ಹತ್ತು ಡಿಗ್ರಿ ಇಳಿದಂತಾಯಿತು. ಅರ್ಧದ ಅರ್ಧ ಎಂದರೆ ಕಾಲು ಭಾಗ. ಮೂರನೆಯ ಒಂದು ಭಾಗದ ಮೂರನೆಯ ಒಂದು ಭಾಗ ಎಂದರೆ ಒಂಬತ್ತನೆಯ ಒಂದು ಭಾಗ. ಬೇಸಿಗೆಯಲ್ಲಿ ಒಂದು ದಿನಕ್ಕೆ ಸಾಲುತ್ತಿದ್ದ ಶಕ್ತಿ ಈಗ ನಾಲ್ಕರಿಂದ ಒಂಬತ್ತು ದಿನಕ್ಕೆ ಸಾಲುತ್ತದೆ!

ಲಾಟೀನನ್ನು ನೆನಪಿಸಿಕೊಳ್ಳಿ. ರಾತ್ರಿ ಮಲಗುವಾಗ ಅಜ್ಜಿ ಬತ್ತಿಯನ್ನು ಇಳಿಸಿ ಇಡುತ್ತಿದ್ದರು. ದೀಪ ಆರುವುದಿಲ್ಲ, ಎಣ್ಣೆಯೂ ಬೇಗ ತೀರುವುದಿಲ್ಲ. ಚಳಿಗಾಲದ ಆಮೆಯೂ ಬತ್ತಿ ಇಳಿಸಿದ ಲಾಟೀನಿನಂತೆ. ಮೈಯಲ್ಲಿ ಕೂಡಿಟ್ಟ ಕೊಬ್ಬು ಅದರ ಎಣ್ಣೆ. ಹೀಗೆ ಚಳಿಯಲ್ಲಿ ದೇಹದ ಕೆಲಸಗಳನ್ನು ನಿಧಾನಗೊಳಿಸಿಕೊಂಡು ಕಾಲ ಕಳೆಯುವುದಕ್ಕೆ ಶಿಶಿರನಿದ್ರೆ ಎಂದು ಹೆಸರು. ನಿದ್ರೆ ಎಂದು ಕರೆದರೂ ಅದು ನಮ್ಮ ನಿಮ್ಮ ನಿದ್ರೆಯಂತಲ್ಲ.

ಕಾಡಿನಲ್ಲಿ ಹೇಗೆ ಮಲಗುತ್ತದೆ?

ಒಹಾಯೊ, ಪೆನ್ಸಿಲ್ವೇನಿಯಾದಂತಹ ರಾಜ್ಯಗಳಲ್ಲಿ ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಹಿಮ ಬೀಳುತ್ತದೆ. ಹುಳುಗಳೂ ಇಲ್ಲ, ಹಣ್ಣೂ ಇಲ್ಲ. ಆದ್ದರಿಂದ ಅಕ್ಟೋಬರ್, ನವೆಂಬರ್ ಹೊತ್ತಿಗೆ ಪೆಟ್ಟಿಗೆ ಆಮೆ ತಿನ್ನುವುದನ್ನು ಬಿಡುತ್ತದೆ. ಸಡಿಲ ಮಣ್ಣನ್ನು ಕೆರೆದು, ತರಗೆಲೆಗಳ ಕೆಳಗೆ ಸೇರಿಕೊಳ್ಳುತ್ತದೆ. ಏಪ್ರಿಲ್ ಸುಮಾರಿಗೆ ಮೇಲೆ ಬರುತ್ತದೆ. ಆದರೆ ಫ್ಲಾರಿಡಾದ ದಕ್ಷಿಣ ಭಾಗದಲ್ಲಿ ಚಳಿಯೇ ಕಡಿಮೆ. ಅಲ್ಲಿಯ ಪೆಟ್ಟಿಗೆ ಆಮೆಗಳು ಚಳಿಗಾಲದಲ್ಲೂ ಓಡಾಡಬಲ್ಲವು. ಮಲಗುವುದೂ ಬಿಡುವುದೂ ಊರಿನ ಹವೆಯನ್ನು ಅವಲಂಬಿಸಿದೆ.

ಮಣ್ಣಿನ ಮೇಲೆ ಬಿದ್ದ ಎಲೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ನಿಂತ ಗಾಳಿ ಉಷ್ಣದ ಅವಾಹಕ. ಎಲೆಯ ರಾಶಿ ಕಂಬಳಿಯಂತೆ ಕೆಲಸ ಮಾಡುತ್ತದೆ. ಮೇಲೆ ಹಿಮ ಬಿದ್ದರೆ ಇನ್ನೊಂದು ಕಂಬಳಿ ಹೊದಿಸಿದಂತೆ. ಗಾಳಿಯಲ್ಲಿ ಉಷ್ಣತೆ ಏರಿಳಿದರೂ ಮಣ್ಣಿನೊಳಗೆ ಅಷ್ಟು ಬೇಗ ಏರಿಳಿಯುವುದಿಲ್ಲ.

ಕೆಲವು ರಾತ್ರಿ ಮಣ್ಣೂ ಹೆಪ್ಪುಗಟ್ಟಿಬಿಟ್ಟರೆ? 1990ರಲ್ಲಿ ಜಾನ್ ಕೊಸ್ಟಾಂಜೊ ಮತ್ತು ಡೆನ್ನಿಸ್ ಕ್ಲಾಸೆನ್ ಎಂಬ ವಿಜ್ಞಾನಿಗಳು ಒಂದು ಅಚ್ಚರಿಯ ಸಂಗತಿಯನ್ನು ಪ್ರಕಟಿಸಿದರು. ಪೆಟ್ಟಿಗೆ ಆಮೆಯ ದೇಹದ ನೀರಿನ ಅರ್ಧಕ್ಕಿಂತ ಹೆಚ್ಚು ಭಾಗ ಮಂಜುಗಡ್ಡೆಯಾದರೂ ಅದು ಕೆಲವು ಕಾಲ ಸಹಿಸಿಕೊಂಡು ಮತ್ತೆ ಚೇತರಿಸಿಕೊಳ್ಳಬಲ್ಲದು. ಮಂಜುಗಡ್ಡೆ ಜೀವಕೋಶಗಳ ಹೊರಗಿನ ನೀರಿನಲ್ಲಿ ಕಟ್ಟುತ್ತದೆ, ಒಳಗೆ ಕಟ್ಟುವುದಿಲ್ಲ. ಆದರೆ ಈ ಸಹನೆಗೂ ಮಿತಿಯಿದೆ. ಚಳಿ ಬಹಳ ಹೆಚ್ಚಾದರೆ, ಬಹಳ ದಿನ ಉಳಿದರೆ ಕಾಡಿನ ಆಮೆಯೂ ಸಾಯುತ್ತದೆ.

ಮನೆಯಲ್ಲಿ ಏಕೆ ತೊಂದರೆ?

ಅಮೆರಿಕದಲ್ಲಿ ಪೆಟ್ಟಿಗೆ ಆಮೆಯನ್ನು ಮನೆಯಲ್ಲಿ ಸಾಕುವವರಿದ್ದಾರೆ. ಕಾಡಿನಿಂದ ಹಿಡಿದು ತರುವುದನ್ನು ಅಲ್ಲಿನ ಅನೇಕ ರಾಜ್ಯಗಳು ನಿಷೇಧಿಸಿವೆ. ಆದರೂ ಹಲವು ವರ್ಷಗಳಿಂದ ಮನೆಯಲ್ಲೇ ಇರುವ, ಮನೆಯಲ್ಲೇ ಹುಟ್ಟಿದ ಆಮೆಗಳಿವೆ. ಇವಕ್ಕೆ ಕಾಡಿನ ಎಲೆರಾಶಿ ಇಲ್ಲ. ಎಲ್ಲಿ ಮಲಗಬೇಕು ಎಂದು ಆಮೆ ಆರಿಸುವಂತಿಲ್ಲ, ಸಾಕುವವರು ಆರಿಸಬೇಕು.

ಮುಖ್ಯವಾದ ತಪ್ಪು ಯಾವುದು ಗೊತ್ತೇ? ಆಮೆಯನ್ನು ಅತ್ತ ಚಳಿಯೂ ಅಲ್ಲದ ಇತ್ತ ಬೆಚ್ಚಗೂ ಅಲ್ಲದ ಕೋಣೆಯಲ್ಲಿ ಬಿಡುವುದು. ಅಲ್ಲಿ 15 ಡಿಗ್ರಿ ಇದೆ ಎನ್ನಿ. ಆಮೆ ಮಂಕಾಗಿ ಮೂಲೆ ಹಿಡಿಯುತ್ತದೆ. ತಿನ್ನುವುದಿಲ್ಲ. ನೋಡಿದವರು “ಪಾಪ, ಮಲಗಿದೆ” ಎಂದುಕೊಳ್ಳುತ್ತಾರೆ. ಆದರೆ ಅದರ ಬತ್ತಿ ಇನ್ನೂ ಎತ್ತರಕ್ಕೇ ಇದೆ! ಎಣ್ಣೆ ಉರಿಯುತ್ತಲೇ ಇದೆ, ಹೊಸ ಎಣ್ಣೆ ಬರುತ್ತಿಲ್ಲ. ವಸಂತದ ಹೊತ್ತಿಗೆ ಆಮೆ ಬಡಕಲಾಗಿರುತ್ತದೆ, ಇಲ್ಲವೇ ಸತ್ತಿರುತ್ತದೆ.

ಆದ್ದರಿಂದ ದಾರಿ ಎರಡೇ. ಬೆಳಕು, ಬಿಸಿ, ಆಹಾರ ಕೊಟ್ಟು ಚಳಿಗಾಲವಿಡೀ ಎಚ್ಚರವಾಗಿ ಇಡಬೇಕು. ಇಲ್ಲವೇ ಪೂರ್ತಿ ತಂಪಿನಲ್ಲಿ ಮಲಗಿಸಬೇಕು. ಎರಡರ ನಡುವೆ ಬಿಡಬಾರದು.

ಮಲಗಿಸುವ ಮುನ್ನ

ಎಲ್ಲ ಆಮೆಗಳನ್ನೂ ಮಲಗಿಸುವಂತಿಲ್ಲ. ಕಾಯಿಲೆ ಬಿದ್ದ, ತೂಕ ಕಡಿಮೆಯಿರುವ, ಮೂಗಿನಲ್ಲಿ ಗೊಣ್ಣೆ ಸುರಿಯುವ, ಕಣ್ಣು ಊದಿದ, ಕಿವಿಯ ಬಳಿ ಗಡ್ಡೆಯಾದ ಆಮೆಯನ್ನು ಆ ವರ್ಷ ಬೆಚ್ಚಗೇ ಇಡುತ್ತಾರೆ. ತಂಪಿನಲ್ಲಿ ರೋಗದೊಡನೆ ಹೋರಾಡುವ ಶಕ್ತಿಯೂ ಕುಗ್ಗಿರುತ್ತದೆ. ಆದ್ದರಿಂದ ಮಲಗಿಸುವುದಕ್ಕೆ ಒಂದು ತಿಂಗಳು ಮುಂಚೆಯೇ ಪಶುವೈದ್ಯರಿಗೆ ತೋರಿಸಬೇಕು.

ಆಮೇಲೆ ಆಹಾರ ನಿಲ್ಲಿಸಬೇಕು. ಎರಡು ಮೂರು ವಾರ ಏನೂ ಕೊಡುವುದಿಲ್ಲ. ಆದರೆ ಆ ದಿನಗಳಲ್ಲಿ ಆಮೆಯನ್ನು ಬೆಚ್ಚಗೇ ಇಟ್ಟಿರುತ್ತಾರೆ. ಏಕೆ? ಆಹಾರ ಜೀರ್ಣವಾಗಲು ದೇಹಕ್ಕೆ ಬಿಸಿ ಬೇಕು. ಹೊಟ್ಟೆ ತುಂಬಿರುವಾಗಲೇ ತಂಪಿಗೆ ಇಟ್ಟರೆ ಒಳಗಿನ ಆಹಾರ ಜೀರ್ಣವಾಗದೆ ಕೊಳೆಯುತ್ತದೆ. ಮಲಗುವ ಮುನ್ನ ಹೊಟ್ಟೆ ತುಂಬಾ ತಿನ್ನಿಸಿ ಕಳುಹಿಸೋಣ ಎಂಬ ಪ್ರೀತಿಯೇ ಇಲ್ಲಿ ವಿಷವಾಗುತ್ತದೆ.

ಆಹಾರ ನಿಂತರೂ ನೀರು ನಿಲ್ಲಬಾರದು. ಉಗುರುಬೆಚ್ಚಗಿನ ನೀರನ್ನು ತಟ್ಟೆಯಲ್ಲಿ ಹಾಕಿ, ಗದ್ದದಿಂದ ಕೆಳಗೇ ಇರುವಂತೆ ನೋಡಿಕೊಂಡು, ಅದರಲ್ಲಿ ಆಮೆಯನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಅದು ಬೇಕಾದಷ್ಟು ಕುಡಿಯುತ್ತದೆ. ಮುಂದಿನ ತಿಂಗಳುಗಳಿಗೆ ಈ ನೀರೇ ದಾಸ್ತಾನು. ಕೊನೆಗೆ ಕೆಲವು ದಿನಗಳಲ್ಲಿ ಉಷ್ಣತೆಯನ್ನು ಮೆಲ್ಲಮೆಲ್ಲನೆ ಇಳಿಸುತ್ತಾರೆ. ಒಮ್ಮೆಲೇ ಇಳಿಸುವುದಿಲ್ಲ.

ಪೆಟ್ಟಿಗೆಯೊಳಗೆ ಪೆಟ್ಟಿಗೆ

ಒಂದು ಪೆಟ್ಟಿಗೆಗೆ ತುಸು ತೇವವಾದ ಸಡಿಲ ಮಣ್ಣನ್ನು ತುಂಬಿ ಮೇಲೆ ತರಗೆಲೆ ಹರಡುತ್ತಾರೆ. ಮಣ್ಣು ಕೆಸರಾಗಿರಬಾರದು, ಪುಡಿಪುಡಿಯಾಗಿ ಒಣಗಿರಲೂಬಾರದು. ಆಮೆ ತಾನೇ ಒಳಗೆ ಇಳಿಯುತ್ತದೆ. ಈ ಪೆಟ್ಟಿಗೆಯನ್ನು ಇನ್ನೊಂದು ದೊಡ್ಡ ಪೆಟ್ಟಿಗೆಯಲ್ಲಿಟ್ಟು ನಡುವಿನ ಜಾಗಕ್ಕೆ ಕಾಗದದ ಚೂರು ಅಥವಾ ಥರ್ಮೋಕೋಲ್ ತುಂಬುತ್ತಾರೆ. ಎರಡಕ್ಕೂ ಗಾಳಿಯಾಡಲು ತೂತುಗಳು ಬೇಕು. ಇಲಿ ನುಗ್ಗದಂತೆ ನೋಡಿಕೊಳ್ಳಬೇಕು. ಮಲಗಿದ ಆಮೆ ಇಲಿ ಕಚ್ಚಿದರೂ ಓಡಲಾರದು.

ಪೆಟ್ಟಿಗೆಯನ್ನು 4ರಿಂದ 10 ಡಿಗ್ರಿ ಇರುವ ಜಾಗದಲ್ಲಿ ಇಡಬೇಕು. ಸುಮಾರು 5 ಡಿಗ್ರಿ ಇದ್ದರೆ ಒಳ್ಳೆಯದು. 10 ಡಿಗ್ರಿ ದಾಟಿದರೆ ಬತ್ತಿ ಮೇಲೇರುತ್ತದೆ. ಸೊನ್ನೆಯ ಹತ್ತಿರ ಇಳಿದರೆ ಹೆಪ್ಪುಗಟ್ಟುವ ಭಯ. ಕಾಡಿನ ಆಮೆ ಸ್ವಲ್ಪ ಸಹಿಸಬಲ್ಲದು ನಿಜ, ಹಾಗೆಂದು ಮನೆಯ ಆಮೆಯ ಮೇಲೆ ಅದನ್ನು ಪರೀಕ್ಷಿಸಬಾರದು.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಅಮೆರಿಕದ ಚಳಿಯಲ್ಲಿ ಮನೆಯ ಒಂದು ಕೋಣೆ ಇಂದು 3 ಡಿಗ್ರಿ, ನಾಳೆ 14 ಡಿಗ್ರಿ ಇರಬಹುದು. ಫ್ರಿಜ್ ಮಾತ್ರ ಹಗಲೂ ರಾತ್ರಿ ಹೆಚ್ಚುಕಡಿಮೆ ಒಂದೇ ತಂಪನ್ನು ಕಾಯುತ್ತದೆ. ಅದಕ್ಕಾಗಿಯೇ ಕೆಲವರು ಫ್ರಿಜ್ ಬಳಸುತ್ತಾರೆ. ಅದು ಹಾಲು, ತರಕಾರಿ ಇಡುವ ಫ್ರಿಜ್ ಅಲ್ಲ, ಆಮೆಗೆಂದೇ ಇಟ್ಟ ಬೇರೆ ಫ್ರಿಜ್. ಒಳಗೆ ಥರ್ಮಾಮೀಟರ್ ಇರುತ್ತದೆ. ಆಮೆಯನ್ನು ಇಡುವ ಮುಂಚೆಯೇ ಹಲವು ದಿನ ಖಾಲಿ ಫ್ರಿಜ್ ಓಡಿಸಿ ತಂಪು ಏರಿಳಿಯುವುದಿಲ್ಲ ಎಂದು ಖಚಿತ ಮಾಡಿಕೊಳ್ಳುತ್ತಾರೆ. ವಾರಕ್ಕೆ ಒಂದೆರಡು ಸಲ ಬಾಗಿಲು ತೆರೆದು ಹೊಸ ಗಾಳಿ ಬಿಡುತ್ತಾರೆ. ನಿಧಾನವಾಗಿಯಾದರೂ ಆಮೆ ಉಸಿರಾಡುತ್ತಲೇ ಇರುತ್ತದಲ್ಲವೇ?

ತೂಗಿ, ಬರೆದಿಡಿ

ಮಾತನಾಡದ ಪ್ರಾಣಿಯ ಪರವಾಗಿ ಮಾತನಾಡುವವು ಎರಡು: ಥರ್ಮಾಮೀಟರ್ ಮತ್ತು ತಕ್ಕಡಿ. ಉಷ್ಣತೆಯನ್ನು ಪ್ರತಿದಿನ ನೋಡಬೇಕು. ಆಮೆಯನ್ನು ಒಂದೆರಡು ವಾರಕ್ಕೊಮ್ಮೆ ಮೆಲ್ಲನೆ ಎತ್ತಿ ತೂಗಬೇಕು. ಎರಡನ್ನೂ ಪುಸ್ತಕದಲ್ಲಿ ಬರೆಯಬೇಕು. ಮಲಗಿಸುವಾಗ ಇದ್ದ ತೂಕದಲ್ಲಿ ನೂರಕ್ಕೆ 10ರಷ್ಟು ಕಡಿಮೆಯಾದರೆ ಅಪಾಯ. ಆಗ ತಡಮಾಡದೆ ಎಬ್ಬಿಸಿ ವೈದ್ಯರಿಗೆ ತೋರಿಸಬೇಕು.

ಎರಡು ಆಮೆಗಳ ಉದಾಹರಣೆ ತೆಗೆದುಕೊಳ್ಳೋಣ.

ಮೊದಲ ಆಮೆ: ಮಲಗಿಸಿದ ದಿನ 500 ಗ್ರಾಂ, 4 ವಾರದ ನಂತರ 495 ಗ್ರಾಂ, 8 ವಾರದ ನಂತರ 490 ಗ್ರಾಂ.

ಎರಡನೆಯ ಆಮೆ: ಮಲಗಿಸಿದ ದಿನ 500 ಗ್ರಾಂ, 4 ವಾರದ ನಂತರ 478 ಗ್ರಾಂ, 8 ವಾರದ ನಂತರ 452 ಗ್ರಾಂ.

ಎರಡೂ ಕಣ್ಣು ಮುಚ್ಚಿ ಒಂದೇ ರೀತಿ ಮಲಗಿವೆ. ನೋಡಿದರೆ ಯಾವ ವ್ಯತ್ಯಾಸವೂ ಕಾಣದು. ಆದರೆ ಮೊದಲನೆಯದು ಎಂಟು ವಾರದಲ್ಲಿ ಕಳೆದುಕೊಂಡದ್ದು ನೂರಕ್ಕೆ 2 ಮಾತ್ರ. ಎರಡನೆಯದು ನೂರಕ್ಕೆ 9.6 ಕಳೆದುಕೊಂಡಿದೆ! ನಾಲ್ಕನೆಯ ವಾರದ ಅಂಕಿಯನ್ನು ನೋಡಿದಾಗಲೇ ಅನುಮಾನ ಬರಬೇಕಿತ್ತು. ಬರೆದಿಡದಿದ್ದರೆ ಅನುಮಾನವೂ ಬರುವುದಿಲ್ಲ.

ಎಬ್ಬಿಸುವುದು

ಮೊದಲ ಸಲ ಮಲಗುವ ಆಮೆಗೆ ಎಂಟು ಹತ್ತು ವಾರ ಸಾಕು. ಅನುಭವವಾದ ಮೇಲೆ ಮೂರು ತಿಂಗಳ ತನಕ ಮಲಗಿಸಬಹುದು. ಎಬ್ಬಿಸುವಾಗಲೂ ಹಂತಹಂತವಾಗಿ ಬೆಚ್ಚಗೆ ಮಾಡಬೇಕು. ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಆಹಾರ. ಬೆಚ್ಚಗಿನ ಜಾಗದಲ್ಲಿದ್ದೂ ಒಂದು ವಾರ ಕಳೆದರೂ ತಿನ್ನದಿದ್ದರೆ ವೈದ್ಯರ ಬಳಿಗೆ ಒಯ್ಯಬೇಕು. ಒಮ್ಮೆ ಎಬ್ಬಿಸಿ ಬೆಚ್ಚಗೆ ಮಾಡಿದ ಆಮೆಯನ್ನು ಅದೇ ಚಳಿಗಾಲದಲ್ಲಿ ಮತ್ತೆ ತಂಪಿಗೆ ಇಡಬಾರದು. ಆಮೆಯನ್ನು ಮುಟ್ಟಿದ ಮೇಲೆ ಪ್ರತಿಸಲವೂ ಸೋಪು ಹಚ್ಚಿ ಕೈ ತೊಳೆಯಬೇಕು. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದರಿಂದ ಮನುಷ್ಯರಿಗೆ ಭೇದಿ, ಜ್ವರ ಬರುತ್ತದೆ.

ನಮ್ಮ ಊರಿನ ಆಮೆಗಳು?

ನಮ್ಮ ಬೀದರ್‌ನಲ್ಲಿ ಡಿಸೆಂಬರ್‌ನ ಕೆಲವು ಮುಂಜಾವು 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಆದರೆ ಮಧ್ಯಾಹ್ನಕ್ಕೆ ಬಿಸಿಲು ಏರಿಬಿಡುತ್ತದೆ. ತಿಂಗಳುಗಟ್ಟಲೆ ತಂಪು ನಿಲ್ಲುವುದಿಲ್ಲ. ಇಲ್ಲಿಯ ಆಮೆಗಳಿಗೆ ದೊಡ್ಡ ಕಷ್ಟ ಬೇಸಿಗೆ. ಕೆರೆ ಒಣಗಿದಾಗ ಮೆತ್ತನೆಯ ಚಿಪ್ಪಿನ ಕೆರೆ ಆಮೆ ಕೆಸರಿನೊಳಗೆ ಹೂತುಕೊಂಡು ಮಳೆಗಾಗಿ ಕಾಯುತ್ತದೆ. ಇದಕ್ಕೆ ಗ್ರೀಷ್ಮನಿದ್ರೆ ಎನ್ನುತ್ತಾರೆ.

ಇದನ್ನೆಲ್ಲ ಓದಿ, ಒಂದು ಆಮೆಯನ್ನು ತಂದು ಸಾಕಿ ನೋಡೋಣ ಎಂದು ಯಾರಾದರೂ ಅಂದುಕೊಂಡಿರಾ? ಬೇಡ. ನಮ್ಮ ಹೊಲ, ಕುರುಚಲು ಕಾಡುಗಳಲ್ಲಿ ಸಿಗುವ ನಕ್ಷತ್ರ ಆಮೆಯನ್ನು ಹಿಡಿಯುವುದು, ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮನೆಯಲ್ಲಿಟ್ಟರೆ ಅದೃಷ್ಟ ಬರುತ್ತದೆ ಎಂದು ನಂಬಿ ಕೊಳ್ಳುವವರು ಇರುವುದರಿಂದಲೇ ಅವನ್ನು ಕದ್ದು ಸಾಗಿಸುವವರೂ ಇದ್ದಾರೆ. 2018ರ ನವೆಂಬರ್‌ನಲ್ಲಿ 51 ನಕ್ಷತ್ರ ಆಮೆಗಳನ್ನು ಸಿಂಗಪುರದಿಂದ ವಿಮಾನದಲ್ಲಿ ಬೆಂಗಳೂರಿಗೆ ಮರಳಿ ತರಲಾಯಿತು. ಹಾಗೆ ಮರಳುವ ಭಾಗ್ಯ ಎಲ್ಲ ಆಮೆಗಳಿಗೂ ಇಲ್ಲ. ನಿಮ್ಮ ಹೊಲದಲ್ಲಿ ಆಮೆ ಕಂಡರೆ ಅಲ್ಲಿಯೇ ಬಿಡಿ. ಗಾಯವಾಗಿದ್ದರೆ ಶಿಕ್ಷಕರ ಮೂಲಕ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಹಾಗಾದರೆ ಈ ಪಾಠದಿಂದ ನಮಗೇನು ಲಾಭ ಎನ್ನುತ್ತೀರಾ? ಕರು, ಕುರಿಮರಿ, ಕೋಳಿ, ಯಾವ ಪ್ರಾಣಿ ನಿಮ್ಮ ಮನೆಯಲ್ಲಿದ್ದರೂ ಮಾತು ಇದೇ. ಸುಮ್ಮನಿದೆ ಎಂದರೆ ಸುಖವಾಗಿದೆ ಎಂದಲ್ಲ. ಅಳೆಯಿರಿ, ತೂಗಿ, ಬರೆದಿಡಿ. ವಿಜ್ಞಾನ ಆರಂಭವಾಗುವುದೂ ಅಲ್ಲಿಂದಲೇ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಒಂದೇ ಅಳತೆಯ ಎರಡು ಸ್ಟೀಲ್ ಲೋಟ, ಎರಡು ಮುಚ್ಚಳ, ಒಂದು ಬುಟ್ಟಿ, ಒಣ ತರಗೆಲೆ, ಬಿಸಿನೀರು, ಶಾಲೆಯ ಪ್ರಯೋಗದ ಥರ್ಮಾಮೀಟರ್. ಜ್ವರ ನೋಡುವ ಥರ್ಮಾಮೀಟರ್ ಬಳಸಬೇಡಿ.

ಶಿಕ್ಷಕರ ಸಹಾಯದಿಂದ ಎರಡೂ ಲೋಟಗಳಿಗೆ ಒಂದೇ ಪ್ರಮಾಣದ ಬಿಸಿನೀರು ಹಾಕಿ ಮುಚ್ಚಿ. ಒಂದನ್ನು ಮೇಜಿನ ಮೇಲೆ ಇಡಿ. ಇನ್ನೊಂದನ್ನು ಬುಟ್ಟಿಯಲ್ಲಿಟ್ಟು ಸುತ್ತಲೂ ಮೇಲೂ ತರಗೆಲೆ ತುಂಬಿ. ಹತ್ತು ನಿಮಿಷಕ್ಕೊಮ್ಮೆ ಎರಡರ ಉಷ್ಣತೆಯನ್ನೂ ಅಳೆದು ಒಂದು ಗಂಟೆಯ ಕಾಲ ಬರೆಯಿರಿ. ಯಾವುದು ಬೇಗ ತಣ್ಣಗಾಯಿತು? ಎಲೆಗಳನ್ನು ನೀರಿನಲ್ಲಿ ನೆನೆಸಿ ಮತ್ತೆ ಮಾಡಿ. ಈಗ ಏನಾಯಿತು?

ಯೋಚಿಸಿ ಉತ್ತರಿಸಿ

1. ತರಗೆಲೆ ಬಿಸಿಯನ್ನು ಉತ್ಪಾದಿಸುತ್ತದೆಯೇ? ಇಲ್ಲವಾದರೆ ಆಮೆಯನ್ನು ಹೇಗೆ ಕಾಪಾಡುತ್ತದೆ?

2. 460 ಗ್ರಾಂ ತೂಕದ ಆಮೆಯನ್ನು ಮಲಗಿಸಿದ್ದಾರೆ. ತೂಕ ಎಷ್ಟಕ್ಕೆ ಇಳಿದರೆ ಎಬ್ಬಿಸಬೇಕು?

3. ಆಮೆಗೆ 15 ಡಿಗ್ರಿಯ ಕೋಣೆಗಿಂತ 5 ಡಿಗ್ರಿಯ ಫ್ರಿಜ್ ಏಕೆ ಕ್ಷೇಮ? ನಿಮ್ಮ ಮಾತಿನಲ್ಲಿ ಮನೆಯವರಿಗೆ ವಿವರಿಸಿ.